ಸಕ್ಕರೆ ಸೀಮೆಯಿಂದ ಬಂದ ಹೋಟೆಲಮ್ಮ

ಅವರ ಎರಡೂ ಮುಂಗೈಗಳಲ್ಲಿ ಹೆಬ್ಬೆರಳಿನಷ್ಟು ದಪ್ಪದ ಬೆಳ್ಳಿ ಕಡಗಗಳಿದ್ದವು. ನಮ್ಮ ಕಡೆ ಕಡಗದ ತುದಿಗೆ ಸಿಂಹದ ಮುಖವನ್ನೋ ಹಾವಿನ ಹೆಡೆಯನ್ನೋ ಕೂರಿಸುತ್ತಾರೆ. ಇವರ ಕಡಗದ ತುದಿಗಳಲ್ಲಿ ಹೀರೇಕಾಯಿಯಂತೆ ಏಣುಗಳಿದ್ದ, ಮೂತಿ ಚೂಪಾದ ಒಂದೊಂದು ಪುಟ್ಟ ಕಾಯಿ ಇತ್ತು. ಹಿಟ್ಟು ನಾದಲು ಕೂತರೆ ಕಡಗಗಳನ್ನು ಮೊಣಕೈವರೆಗೆ ತಳ್ಳಿಕೊಳ್ಳುತ್ತಿದ್ದರು. ಅವು ನಿಧಾನವಾಗಿ ಜಾರಿ ಮತ್ತೆ ಮಣಿಕಟ್ಟಿಗೆ ಬರುವಷ್ಟರಲ್ಲಿ ಒಂದು ಉಂಡೆ ಹದಕ್ಕೆ ಬಂದಿರುತ್ತಿತ್ತು.

"ಇದ್ಯಾವ ಕಾಯಿ ತಾಯಿ?" ಎಂದು ನನ್ನ ತಂದೆ ಕೇಳಿದ್ದರು. ನನಗೊಂದು ಬಾಡಿಗೆ ಕೋಣೆ ಹುಡುಕಿಕೊಂಡು ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಅವರು ನಡೆಸುತ್ತಿದ್ದ ಹೋಟೆಲಿಗೆ ಬಂದಿದ್ದೆವು.

"ಕೋಕೋ ಕಾಯಿ ಅಣ್ಣ. ನಮ್ಮ ಸೀಮೇದು."

"ಯಾವ ಸೀಮೆ?"

ಅವರು ಹಿಟ್ಟಿನ ಕೈಯಲ್ಲೇ ಪಡುವಣದ ಕಡೆ ತೋರಿಸಿದರು. "ಹೊತ್ತು ಮುಳುಗ್ತದಲ, ಅಲ್ಲಿಂದ ಇನ್ನೂ ಅಷ್ಟು ದೂರ."

ತಂದೆಗೆ ಏನನ್ನಿಸಿತೋ ತಿಳಿಯದು. ಹೋಟೆಲಿನ ಹಿಂದಿನ ಕೋಣೆಯಲ್ಲಿ ನನ್ನ ಟ್ರಂಕನ್ನು ಇಳಿಸಿ, "ಹೆಣ್ಣುಮಗಳು ಗಟ್ಟಿಗಿತ್ತಿ ಅದಾಳ. ನಿನಗ ಇದಽ ಜಾಗ ಸರಿ" ಎಂದು ಹೇಳಿ ಹರಿಹರದ ಬಸ್ಸು ಹತ್ತಿದರು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಶಿಕಾರಿಪುರದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ನನಗೆ ಮೊದಲ ನೌಕರಿ. ಮನೆ ಬಿಟ್ಟು ಒಬ್ಬಳೇ ಎಲ್ಲೂ ಇದ್ದವಳಲ್ಲ. ತರಗತಿಗೆ ಹೋದರೆ ಪುಸ್ತಕದಿಂದ ತಲೆ ಎತ್ತದೆ ಓದಿ ಮುಗಿಸುತ್ತಿದ್ದೆ, ಹಿಂದಿನ ಸಾಲಿನ ಹುಡುಗಿಯರು ನಗುತ್ತಿದ್ದರು. ದೀಪಾವಳಿಗೆ ಊರಿಗೆ ಹೋದವಳು ಮತ್ತೆ ಬರಬಾರದು ಎಂದು ಮೊದಲ ತಿಂಗಳಿನಲ್ಲೇ ಒಳಗೊಳಗೆ ತೀರ್ಮಾನಿಸಿಕೊಂಡಿದ್ದೆ. ಮತ್ತೆ ಬಂದೆನಲ್ಲ, ಅದಕ್ಕೆ ಈ ಹೋಟೆಲಮ್ಮ ಕಾರಣ. ಊರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿತ್ತು, ನಾನೂ ಕೊನೆಯವರೆಗೆ ಹಾಗೆಯೇ ಕರೆದೆ.

ತಗಡು ಹೊದಿಸಿದ ಹೋಟೆಲು, ನಾಲ್ಕು ಬೆಂಚು. ಸೊರಬದ ಕಡೆ ಹೋಗುವ ಬಸ್ಸುಗಳು ಅದರ ಎದುರಿಗೇ ನಿಲ್ಲುತ್ತಿದ್ದವು. ಅವಲಕ್ಕಿ, ಉಪ್ಪಿಟ್ಟು ಎಲ್ಲ ಕಡೆ ಸಿಗುವಂಥವೇ. ಆದರೆ ಸಂತೆಯ ದಿನ ಅವರು ಅರಿಶಿನ ಹಾಕಿದ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟು, ಹೂವಿನಂತೆ ಮೆತ್ತಗೆ ಉಬ್ಬಿದ ರೊಟ್ಟಿಯೊಳಗೆ ಬೇಯಿಸಿದ ಕಡಲೆಕಾಳು ತುಂಬಿ, ಮೇಲೆ ಸೂಜಿಮೆಣಸಿನ ಚಟ್ನಿ ಸವರಿ ಕೊಡುತ್ತಿದ್ದರು. ಜನ ಅದನ್ನು 'ಹಳದಿ ರೊಟ್ಟಿ' ಎನ್ನುತ್ತಿದ್ದರು. ತೊಗರ್ಸಿಯ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದ ರೈತರು ಕಣ್ಣಲ್ಲಿ ನೀರು ಸುರಿಸುತ್ತ ತಿಂದು, "ಇನ್ನೊಂದು ಹಾಕ್ರಿ" ಎನ್ನುತ್ತಿದ್ದರು.

ಅವರು ದೊಡ್ಡ ದೊಡ್ಡ ಹೆಜ್ಜೆ ಇಟ್ಟು ನಡೆಯುತ್ತಿದ್ದರು. ಬಿಸಿಲಿದ್ದರೆ ತಲೆಗೊಂದು ಹುಲ್ಲಿನ ಟೊಪ್ಪಿ. ನಗುವವರು ನಕ್ಕರೆ ತಾವೂ ನಗುತ್ತಿದ್ದರು. ಯಾರಾದರೂ ದುಃಖ ಹೇಳಿಕೊಂಡು ಬಂದರೆ "ಮೊದ್ಲು ಉಣ್ಣು, ಆಮೇಲೆ ಅಳು" ಎನ್ನುವುದು ಅವರ ವಾಡಿಕೆ. ಆ ಕಾಲದ ಕೆಲವು ಹೋಟೆಲುಗಳಲ್ಲಿ ಕೆಲವರಿಗೆ ಬೇರೆ ಲೋಟ, ಬೇರೆ ಜಾಗ. ಇವರಲ್ಲಿ ಎಲ್ಲರಿಗೂ ಒಂದೇ. ಒಮ್ಮೆ ಭತ್ತದ ವ್ಯಾಪಾರಿಯೊಬ್ಬರು ಪಕ್ಕದಲ್ಲಿ ಕೂತವನನ್ನು ಕಂಡು, "ನಮಗ ಬ್ಯಾರೆ ಬೆಂಚು ಹಾಕ್ರೀ" ಎಂದರು.

ಹೋಟೆಲಮ್ಮ ಸಿಟ್ಟಾಗಲಿಲ್ಲ. "ನಮ್ಮವ್ವ ಹೋದ ಹಡಗಿನಾಗೆ ಬೇರೆ ಬೆಂಚೇ ಇರ್ಲಿಲ್ಲಂತೆ ಸ್ವಾಮಿ. ಎಲ್ರೂ ಒಂದೇ ನೆಲದ ಮೇಲೆ ಉಂಡು, ಒಂದೇ ನೆಲದ ಮೇಲೆ ವಾಂತಿ ಮಾಡ್ಕಂಡು ಹೋದ್ರಂತೆ. ಬೇರೆ ಹಾಕಾಕೆ ನಂಗೆ ಯಾರೂ ಕಲಿಸ್ಲಿಲ್ಲ" ಎಂದರು. ವ್ಯಾಪಾರಿ ಎದ್ದು ಹೋದರು. ಮುಂದಿನ ಸಂತೆಗೆ ಅದೇ ಬೆಂಚಿನ ಮೇಲೆ ಕೂತು ಹಳದಿ ರೊಟ್ಟಿ ತಿಂದರು.

ಆ ಚಳಿಗಾಲ ವೆಸ್ಟ್ ಇಂಡೀಸಿನ ಕ್ರಿಕೆಟ್ ತಂಡ ನಮ್ಮ ದೇಶಕ್ಕೆ ಬಂದಿತ್ತು. ಪಕ್ಕದ ಸೈಕಲ್ ಅಂಗಡಿಯ ರೇಡಿಯೋ ಮುಂದೆ ಗುಂಪು ಸೇರುತ್ತಿತ್ತು. ಆ ತಂಡದಲ್ಲಿ ನಮ್ಮವರ ಹೆಸರನ್ನೇ ಸ್ವಲ್ಪ ತಿರುಚಿದಂಥ ಹೆಸರಿನವರೂ ಇದ್ದರು. ಆ ಹೆಸರು ಕೇಳಿದಾಗಲೆಲ್ಲ ಹೋಟೆಲಮ್ಮ ಒಲೆ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

"ನೀವು ಯಾರ ಕಡೆ ಹೇಳ್ರಿ ಹೋಟೆಲಮ್ಮ? ನಮ್ಮ ಕಡೇನೋ, ಅವರ ಕಡೇನೋ?" ಎಂದು ಸೈಕಲ್ ಅಂಗಡಿಯವನು ಕೆಣಕಿದ.

"ಹೆತ್ತವ್ವ ಒಬ್ಳು, ಸಾಕಿದವ್ವ ಒಬ್ಳು. ಯಾರನ್ನ ಸೋಲ್ಸಾಣ ಹೇಳು" ಎಂದು ಅವರು ಒಳಗೆ ಹೋದರು.

ಸೊರಬದ ಕಡೆಯ ಮಾತನ್ನು, ಅದೂ ಹಳೆಯ ಕಾಲದ ಮಾತನ್ನು, ಕಡಲಾಚೆ ಹುಟ್ಟಿದ ಈ ಹೆಂಗಸು ಹೇಗೆ ಆಡುತ್ತಾರೆ ಎಂಬ ಕುತೂಹಲ ನನಗೆ ಮೊದಲ ದಿನದಿಂದ ಇತ್ತು. ಕೇಳಲು ಸಂಕೋಚ. ಕೇಳುವ ಸಂದರ್ಭ ಪಾಠದಿಂದಲೇ ಬಂತು.

ಭೂಗೋಳದ ಪುಸ್ತಕದಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳಿಗೆ ನಾಲ್ಕೈದು ಸಾಲು. ಮುಖ್ಯ ಬೆಳೆ ಕಬ್ಬು, ಕೋಕೋ, ಬಾಳೆ. ಜನರು ನೀಗ್ರೋಗಳು, ಯುರೋಪಿಯನ್ನರು, ಭಾರತೀಯರು. ನಾನು ಓದಿ ಮುಗಿಸಿ ಪುಟ ತಿರುಗಿಸುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಚಂದ್ರಗುತ್ತಿಯ ಹತ್ತಿರದ ಹಳ್ಳಿಯವಳು, ಶಿಕಾರಿಪುರದ ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು.

"ಟೀಚರ್, ಅಷ್ಟು ದೂರ ನಮ್ಮೋರು ಯಾಕೆ ಹೋದ್ರು?"

ನಾಳೆ ಹೇಳುತ್ತೇನೆಂದು ಅವಳನ್ನು ಕೂರಿಸಿದೆ. ಸಂಜೆ ಅದೇ ಪ್ರಶ್ನೆಯನ್ನು ಹೋಟೆಲಮ್ಮನ ಮುಂದಿಟ್ಟೆ. ಅವರು ಸೌಟು ಕೆಳಗಿಟ್ಟು ನನ್ನ ಎದುರಿನ ಬೆಂಚಿಗೆ ಬಂದು ಕೂತರು. "ಇಪ್ಪತ್ತು ವರ್ಸದ ಮೇಲಾತು ನಾ ಈ ಊರಿಗೆ ಬಂದು. ನನ್ನ ರೊಟ್ಟಿ ಬಗ್ಗೆ ಎಲ್ರೂ ಕೇಳ್ಯಾರೆ. ಇದನ್ನ ಯಾರೂ ಕೇಳಿರ್ಲಿಲ್ಲ" ಎಂದರು. ಆಮೇಲೆ, "ನಾಳೆ ನಾನೇ ಬಂದು ಹೇಳ್ಲಾ?" ಎಂದು ಮಗುವಿನಂತೆ ಕೇಳಿದರು.

ಮರುದಿನ ಒಂದು ಗೋಣಿತಾಟು, ಒಂದು ಮೊರ ಹುಣಸೆಬೀಜ ಹೊತ್ತು ತರಗತಿಗೆ ಬಂದರು. ಮೇಜಿನ ಹತ್ತಿರ ನಿಲ್ಲಲಿಲ್ಲ, ಹುಡುಗಿಯರ ನಡುವೆ ಚಕ್ಕಳಮಕ್ಕಳ ಹಾಕಿ ಕೂತರು.

"ಅದರ ಹೆಸರು ಟ್ರಿನಿಡಾಡ್. ನಮ್ಮೋರ ಬಾಯಾಗೆ ಚಿನಿದಾದ್. ಚೀನಿ ಅಂದ್ರೆ ಸಕ್ಕರೆ. 'ಸಕ್ಕರೆ ಜರಡಿ ಹಿಡಿಯೋ ಕೆಲಸ' ಅಂತ ಹೇಳಿ ಹಡಗು ಹತ್ತಿಸ್ತಿದ್ರಂತೆ. ಈ ನಿಮ್ಮ ಜಿಲ್ಲೆಗಿಂತ ಸಣ್ಣ ದ್ವೀಪ. ಮೋಡ ಇಲ್ದಿದ್ ದಿನ ದಂಡೆ ಮೇಲೆ ನಿಂತ್ರೆ ಆಚೆ ತೆಂಕಣ ಅಮೆರಿಕದ ಗುಡ್ಡ ಕಾಣ್ತದೆ. ಮೊದ್ಲು ಅಲ್ಲಿ ಕಾಡಿನ ಜನ ಇದ್ರು. ಸ್ಪೇನಿನೋರು ಬಂದ್ರು, ಕಾಡಿನ ಜನ ಸವೆದು ಹೋದ್ರು. ಫ್ರೆಂಚರು ಬಂದು ಕಬ್ಬು ಹಾಕಿದ್ರು. ಇಂಗ್ಲಿಷರು ಬಂದು ಬಾವುಟ ಹಾಕಿದ್ರು. ಕಬ್ಬು ಕಡಿದೋರು ಇವರ್ಯಾರೂ ಅಲ್ಲ. ಅವರು ಆಫ್ರಿಕದ ಜನ, ಸರಪಳಿ ಹಾಕಿ ತಂದಿದ್ರು. ಸರಪಳಿ ಬಿಚ್ಚಿದ ಮೇಲೆ ಆ ಗದ್ದೇಲಿ ಇನ್ನು ಯಾರು ದುಡೀತಾರೆ? ಎದ್ದು ಹೋದ್ರು. ಕಬ್ಬು ಕಾಯ್ತದಾ? ಅದಕ್ಕೇ ನಮ್ಮ ದೇಶದ ಬಡವರ ಹೆಬ್ಬೆಟ್ಟು ಒತ್ತಿಸಿ ತುಂಬ್ಕಂಡು ಹೋದ್ರು. ತಿಳೀತಾ ಮಗಾ?"

ಪ್ರಶ್ನೆ ಕೇಳಿದ ಹುಡುಗಿ ತಲೆಯಾಡಿಸಿದಳು. ಹಿಂದಿನ ಸಾಲು ನಗುವುದನ್ನು ಮರೆತಿತ್ತು.

ಆ ದ್ವೀಪದಲ್ಲೊಂದು ಟಾರಿನ ಕೆರೆ ಇದೆ ಎಂದಾಗ ಯಾರೂ ನಂಬಲಿಲ್ಲ. "ಆಣೆಗೂ! ಅಗೆದಷ್ಟೂ ತುಂಬ್ತದೆ. ಮೇಲೆ ನಡೀಬಹುದು, ಒಂದೇ ಕಡೆ ನಿಂತ್ರೆ ಮಾತ್ರ ಕಾಲು ಮೆಲ್ಲಗೆ ಇಳೀತದೆ. ಊರೂರಿನ ರಸ್ತೆಗೆ ಅದರ ಟಾರು ಹಡಗಿನಾಗೆ ಹೋಗ್ತದೆ. ತೆಂಕಲ ಕಡೆ ನೆಲ ಕೊರೆದ್ರೆ ಎಣ್ಣೆ. ಬಡಗಲ ಗುಡ್ಡದಾಗೆ ಕೋಕೋ" ಎಂದರು. ಕೋಕೋ ಎಂದ ಕೂಡಲೆ ಎದ್ದು ಗೋಣಿತಾಟು ಹಾಸಿ, ಹುಣಸೆಬೀಜ ಸುರುವಿ, ಸೀರೆ ಮೊಣಕಾಲಿಗೆ ಎತ್ತಿಕಟ್ಟಿ ಅದರ ಮೇಲೆ ನಿಂತರು. ಒಣಗಿದ ಕೋಕೋ ಬೀಜವನ್ನು ಅಲ್ಲಿಯ ಜನ ಕಾಲಿನಿಂದ ತುಳಿದು, ಕುಣಿದು ಹೊಳಪು ಬರಿಸುತ್ತಾರಂತೆ. "ಕರಿಯರು, ನಮ್ಮೋರು, ಎಲ್ಲ ಒಟ್ಟಿಗೇ. ಒಬ್ರು ಪದ ಎತ್ತಿದ್ರೆ ಉಳಿದೋರು ಸೊಲ್ಲು ಕೊಡಾದು. ಬನ್ನಿ, ಎದ್ದೇಳಿ!"

ಇಡೀ ತರಗತಿ ಹುಣಸೆಬೀಜದ ಮೇಲೆ ಕುಣಿಯತೊಡಗಿತು. ಗದ್ದಲ ಕೇಳಿ ಹೆಡ್‌ಮಿಸ್ಟ್ರೆಸ್ ಬಾಗಿಲಿಗೆ ಬಂದರು.

"ಏನ್ರೀ ಇದು? ಭೂಗೋಳದ ಪಾಠ ಏನ್ರೀ ಇದು?"

ಅದುವರೆಗೆ ಅವರ ಮುಂದೆ ನಾನು ಬಾಯಿ ಬಿಟ್ಟವಳೇ ಅಲ್ಲ. ಆ ದಿನ ಎಲ್ಲಿಂದ ಧೈರ್ಯ ಬಂತೋ. "ಹೌದ್ರೀ ಮೇಡಂ. ಇದೇ ಪಾಠ" ಎಂದೆ. ಅವರು ನನ್ನನ್ನೊಮ್ಮೆ, ಸೀರೆ ಎತ್ತಿಕಟ್ಟಿದ ಹೋಟೆಲಮ್ಮನನ್ನೊಮ್ಮೆ ನೋಡಿ, ಬಾಗಿಲ ಬಳಿಯ ಕುರ್ಚಿ ಎಳೆದುಕೊಂಡು ಕೂತರು. ಗಂಟೆ ಹೊಡೆದರೂ ಏಳಲಿಲ್ಲ.

ಕೊನೆಗೆ ಆ ಹುಡುಗಿಯೇ ಇನ್ನೊಂದು ಪ್ರಶ್ನೆ ಕೇಳಿದಳು: "ನಿಮ್ಮವ್ವ ಯಾವೂರೋರು?"

ಹೋಟೆಲಮ್ಮ ಚಂದ್ರಗುತ್ತಿ ಗುಡ್ಡದ ಬುಡದ ಒಂದು ಹಳ್ಳಿಯ ಹೆಸರು ಹೇಳಿದರು. ಆ ಹಳ್ಳಿ, ಆ ಹೆಸರು, ಹುಡುಗಿಯ ಕಿವಿಯಲ್ಲಿ ಕೂತುಬಿಟ್ಟಿತು.

ಅವರ ತಾಯಿಯ ಕತೆಯನ್ನು ನಾನು ಆಮೇಲೆ ತುಂಡು ತುಂಡಾಗಿ ಕೇಳಿ ತಿಳಿದೆ. ಪ್ಲೇಗು ಬಂದ ಕಾಲ. ಹದಿನೆಂಟರ ಆ ಹೆಂಗಸಿನ ಗಂಡನ ಮನೆಯಲ್ಲಿ ಒಬ್ಬರೂ ಉಳಿಯಲಿಲ್ಲ. ತವರಿಗೆ ಬಂದರೆ ರೋಗದ ಹೆದರಿಕೆಗೆ ಊರೊಳಗೆ ಸೇರಿಸದೆ ಹೊಲದಂಚಿನ ಗುಡಿಸಲಿನಲ್ಲಿ ಇಟ್ಟರು. ರೋಗ ಅವಳಿಗೆ ಬರಲೇ ಇಲ್ಲ. ಆದರೂ ಕರೆಯಲು ಯಾರೂ ಬರಲಿಲ್ಲ. 'ಹೋದ ಮನೆಯನ್ನೆಲ್ಲ ತಿಂದು ಬಂದವಳು' ಎಂದು ಅಣ್ಣನ ಮಾತು. ಚಿಕ್ಕ ತಂಗಿಯೊಬ್ಬಳು ಮಾತ್ರ ದಿನಾ ಅನ್ನ ತಂದು ದೂರದಲ್ಲಿಟ್ಟು ಹೋಗುತ್ತಿದ್ದಳಂತೆ. ಒಂದು ಬೆಳಿಗ್ಗೆ ಅಕ್ಕ ಅವಳಿಗೆ, "ನಾ ಕೂಲಿ ಜನದ ಸಂಗಡ ಹೊರಟೆ. ಕೆರೆಗೆ ಬಿದ್ಲು ಅಂತ ಹೇಳು, ಯಾರೂ ಹುಡುಕದು ಬ್ಯಾಡ" ಎಂದಳು. ಶಿಕಾರಿಪುರದ ಸಂತೆಯವರೆಗೆ ನಡೆದು, ಅಲ್ಲಿಂದ ಮದ್ರಾಸಿಗೆ, ಮದ್ರಾಸಿನಿಂದ ಹಡಗಿಗೆ.

ಹೋಟೆಲಮ್ಮ ಹುಟ್ಟಿದ್ದು ಆ ದ್ವೀಪದಲ್ಲಿ. ತಾಯಿ ಸತ್ತ ಮೇಲೆ, ತನ್ನ ಅಪ್ಪನ ದೇಶ ನೋಡಬೇಕೆಂದು ಹಟ ಹಿಡಿದ ಗಂಡನ ಜೊತೆ ಕಲ್ಕತ್ತೆಗೆ ಬಂದಿಳಿದರು. ಗಂಡ ಅಲ್ಲಿಯೇ ಜ್ವರದಲ್ಲಿ ತೀರಿಕೊಂಡ. ರೈಲ್ವೆ ಅಧಿಕಾರಿಯೊಬ್ಬರ ಮನೆಯ ಅಡುಗೆಯವಳಾಗಿ ಶಿವಮೊಗ್ಗಕ್ಕೆ ಬಂದು, ಅಲ್ಲಿಂದ ದಾರಿ ಕೇಳಿಕೊಂಡು ತಾಯಿಯ ಊರಿಗೆ ಹೋದರು. ಸೋದರಮಾವ ಜಗುಲಿ ಹತ್ತಿಸಲಿಲ್ಲ. "ನಮ್ ತಂಗಿ ಕೆರೇಲಿ ಬಿದ್ದು ಸತ್ತು ಎಷ್ಟೋ ಕಾಲ ಆತು. ಕರ್ಮ ಮಾಡಿ ಮುಗಿಸೀವಿ. ನೀ ಯಾರೋ ಎಂತೋ" ಎಂದ. ಚಿಕ್ಕವ್ವ ಎಲ್ಲಿ ಎಂದು ಕೇಳಿದ್ದಕ್ಕೆ, "ಇಲ್ಲಿ ಯಾರೂ ಇಲ್ಲ" ಎಂದು ಬಾಗಿಲು ಹಾಕಿಕೊಂಡ.

"ಮತ್ತೆ ಈ ಊರಿನಾಗೆ ಯಾಕೆ ನಿಂತ್ರಿ?" ಎಂದು ನಾನು ಕೇಳಿದ್ದೆ.

"ಅವ್ವನ ಊರಿನ ಬಸ್ಸು ದಿನಾ ಕಣ್ಣಿಗೆ ಬೀಳ್ತದಲ" ಎಂದಿದ್ದರು.

ದೀಪಾವಳಿ ರಜೆ ಮುಗಿಸಿ ನಾನು ಮರಳಿ ಬಂದ ವಾರವೇ ಹೋಟೆಲಿನ ಮುಂದೆ ಒಬ್ಬ ನಡುವಯಸ್ಸಿನ ರೈತ ಸೊರಬದ ಬಸ್ಸಿನಿಂದ ಇಳಿದರು. ಟವೆಲು ಹೆಗಲಿಂದ ಕೈಗೆ ತೆಗೆದುಕೊಂಡು ನಿಂತೇ ಮಾತಾಡಿದರು. ನನ್ನ ತರಗತಿಯ ಆ ಹುಡುಗಿ ರಜೆಗೆ ಊರಿಗೆ ಹೋದವಳು ಹುಣಸೆಬೀಜದ ಕುಣಿತದ ಕತೆಯನ್ನು ಮನೆಮನೆಗೆ ಹೇಳಿದ್ದಳು. ಅದು ಪಕ್ಕದ ಹಳ್ಳಿಗೆ ಮದುವೆಯಾಗಿ ಹೋಗಿದ್ದ ಒಬ್ಬ ಮುದುಕಿಯ ಕಿವಿಗೂ ಬಿದ್ದಿತ್ತು.

"ನಮ್ಮವ್ವ ಎರಡು ದಿನದಿಂದ ಸರಿಯಾಗಿ ಉಂಡಿಲ್ರೀ. 'ಅವಳನ್ನ ಕರ್ಕಂಬಾ, ಅವಳನ್ನ ಕರ್ಕಂಬಾ' ಅಂತ ಒಂದೇ ಸಮ. ನೀವು ಬರ್ಬೇಕು" ಎಂದರು.

ಹೋಟೆಲಮ್ಮ ಒಲೆಯಿಂದ ಬಾಣಲೆ ಇಳಿಸಿದರು. "ನಾ ಒಂದ್ಸಲ ಬಾಗಿಲು ಹಾಕಿಸ್ಕಂಡು ಬಂದೋಳು ತಮ್ಮಾ" ಎಂದರು. ಆತ ತಲೆ ತಗ್ಗಿಸಿ, "ಆ ಮಾವ ಹೋಗಿ ಭಾಳ ವರ್ಸ ಆತು. ಇದು ನಮ್ಮವ್ವನ ಮನೆ" ಎಂದರು.

ಉಪ್ಪುನೀರು ದಾಟಿ ಬಂದ ಆ ಹೆಂಗಸು ಆ ದಿನ ನನ್ನ ಕೈ ಹಿಡಿದು, "ಟೀಚರಮ್ಮ, ನೀನೂ ಬಾ. ಒಬ್ಳೇ ಹೋಗಾಕೆ ಧೈರ್ಯ ಬರ್ತಿಲ್ಲ" ಎಂದರು. ಭಾನುವಾರ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗಿ, ಅಲ್ಲಿಂದ ಚಂದ್ರಗುತ್ತಿಯ ದಾರಿಯಲ್ಲಿ ಆತ ತಂದಿದ್ದ ಎತ್ತಿನ ಗಾಡಿ ಹತ್ತಿದೆವು. ಒಂದು ತಿರುವಿನಲ್ಲಿ ಗುಡ್ಡ ಎದುರಾದಾಗ ಹೋಟೆಲಮ್ಮ, "ಇನ್ನೂ ಅವ್ವ ಹೇಳಿದ್ ಹಂಗೇ ಐತೆ" ಎಂದರು.

ಅಂಗಳದಲ್ಲಿ ಭತ್ತದ ಹುಲ್ಲು ಒಣಗುತ್ತಿತ್ತು. ಜಗುಲಿಯ ಕಂಬ ಹಿಡಿದು ಒಬ್ಬ ಸಣ್ಣ ಮೈಯ ಮುದುಕಿ ನಿಂತಿದ್ದರು. ಒಳಗಿನ ಹೆಂಗಸರೆಲ್ಲ ಬಾಗಿಲಲ್ಲಿ ಗುಂಪಾಗಿದ್ದರು. ಹೋಟೆಲಮ್ಮ ಮೆಟ್ಟಿಲ ಕೆಳಗೆ ನಿಂತುಬಿಟ್ಟರು.

"ಚಿಕ್ಕವ್ವ, ನಿಮ್ಮಕ್ಕ ಒಂದು ಮಾತು ಹೇಳಿ ಕಳಿಸ್ಯಾಳೆ" ಎಂದರು ಅಲ್ಲಿಂದಲೇ.

"ಎಂತ ಮಾತು?"

"ಮುಟ್ಟಿದೆ ಅಂತ ಹೇಳು, ಅಂದಿದ್ಲು."

ಮುದುಕಿ ಕಂಬ ಬಿಟ್ಟು ಜಗುಲಿಯ ಅಂಚಿಗೆ ಬಂದು ಕೂತರು. ಆ ಹೊಲದಂಚಿನಲ್ಲಿ ಅಕ್ಕ ಹೊರಟು ನಿಂತಾಗ ತಂಗಿ ಹೇಳಿದ್ದು ಒಂದೇ ಮಾತಂತೆ: "ಮುಟ್ಟಿದ್ ಮೇಲೆ ಹೇಳಿ ಕಳ್ಸು ಅಕ್ಕಯ್ಯ." ಊರಿಗೆ ಬಂದು, ಅಕ್ಕ ಕೆರೆಗೆ ಬಿದ್ದಳು ಎಂದು ಎಲ್ಲರ ಮುಂದೆ ಅತ್ತಿದ್ದಳು. ಅಪ್ಪ ಅವ್ವ ಸಾಯುವವರೆಗೂ, ಗಂಡನಿಗೂ, ಹೆತ್ತ ಮಕ್ಕಳಿಗೂ ನಿಜ ಹೇಳಿರಲಿಲ್ಲ. ಅಕ್ಕ ದಾರಿಯಲ್ಲಿ ಸತ್ತಳೋ, ಯಾರ ಕೈಗೆ ಸಿಕ್ಕಳೋ, ತಾನು ಅಂದೇ ಕೂಗಿ ಊರನ್ನು ಕರೆಯಬೇಕಿತ್ತೋ ಎಂದು ಐವತ್ತು ವರ್ಷ ಒಬ್ಬರೇ ಬೇಯುತ್ತ ಇದ್ದವರು.

"ಮೇಲೆ ಬಾ ಮಗಾ" ಎಂದರು. "ಅಲ್ಲೇ ಎಂತಕ್ಕೆ ನಿಂತೀಯೆ? ಇದು ನಿನ್ನ ಮನೆ."

ಹೋಟೆಲಮ್ಮ ಜಗುಲಿ ಹತ್ತಿದರು. ಚಿಕ್ಕವ್ವ ಅವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಮೂಗು, ಹುಬ್ಬು, ಗಲ್ಲ ಸವರಿ ಸವರಿ ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು ಮೊದಲು ಕೇಳಿದ ಪ್ರಶ್ನೆಯನ್ನು ನಾನು ಮರೆತಿಲ್ಲ. "ಅಲ್ಲಿ ಅವಳಿಗೆ ಹೊಟ್ಟೆ ತುಂಬ ಉಣ್ಣಾಕೆ ಸಿಗ್ತಿತ್ತಾ?"

"ಮೊದ್ಲು ಇಲ್ಲ" ಎಂದರು ಹೋಟೆಲಮ್ಮ. ಚೆಂದ ಮಾಡಿ ಹೇಳಲು ಅವರು ಹೋಗಲಿಲ್ಲ. "ಐದು ವರ್ಸದ ಕರಾರು. ಉದ್ದಕ್ಕೆ ಕುದುರೆಲಾಯದಂಥ ಮನೆ, ಒಂದೊಂದು ಕೋಣೆಗೆ ಒಂದೊಂದು ಸಂಸಾರ. ಬೆಳಕು ಹರಿಯೋದ್ರೊಳಗೆ ಕಬ್ಬಿನ ಗದ್ದೆ. ಮೈ ಸರಿ ಇಲ್ಲ ಅಂದ್ರೆ ಕೂಲಿ ಕಡಿತ. ಚೀಟಿ ಇಲ್ದೆ ತೋಟದ ಗಡಿ ದಾಟಿದ್ರೆ ಜೈಲು. ಅವ್ವ ಒಂದ್ಸಲ ಜೈಲಿಗೂ ಹೋಗಿ ಬಂದ್ಲು. ಅವಳಿಗೆ ಅಲ್ಲಿ ಎಲ್ರೂ 'ಮದ್ರಾಸಿ' ಅಂತಿದ್ರು. ಕನ್ನಡ ಆಡೋರು ಯಾರೂ ಇರ್ಲಿಲ್ಲ. ಹಸುವಿನ ಹತ್ರ ಆಡ್ತಿದ್ಲು, ಆಮೇಲೆ ನನ್ನ ಹತ್ರ."

ಚಿಕ್ಕವ್ವನ ಕಣ್ಣು ಮತ್ತೆ ತುಂಬಿತು.

"ಆದ್ರೆ ಕೇಳು ಚಿಕ್ಕವ್ವ. ಒಂದೇ ಹಡಗಿನಾಗೆ ಹೋದೋರು ಅಲ್ಲಿ ಒಡಹುಟ್ಟಿದೋರ ಹಂಗೆ. ಅವಳಿಗೆ ಹಡಗಿನ ತಂಗಿಯರು ಇಬ್ರು ಇದ್ರು, ನಾ ಹುಟ್ಟಿದಾಗ ಅವಳ ಬಾಣಂತನ ಮಾಡಿದ್ದೇ ಅವರು. ಕರಾರು ಮುಗಿದ್ ಮೇಲೆ ಅಪ್ಪನ್ನ ಮದುವೆ ಆದ್ಲು. ಅವನು ಬಡಗಣ ಸೀಮೆಯೋನು, ಇವಳ ಮಾತು ಅವನಿಗೆ ಬರ್ತಿರ್ಲಿಲ್ಲ, ಅವನದು ಇವಳಿಗೆ ಬರ್ತಿರ್ಲಿಲ್ಲ. ಜಗಳ ಆಡೋದೂ ಕಷ್ಟ!"

ಬಾಗಿಲಲ್ಲಿದ್ದ ಹೆಂಗಸರು ನಕ್ಕರು. ಚಿಕ್ಕವ್ವನೂ ಅಳುತ್ತಲೇ ನಕ್ಕರು. ಯಾರೋ ಚಾಪೆ ತಂದು ಹಾಸಿದರು, ಯಾರೋ ಬೆಲ್ಲ ನೀರು ತಂದರು. ಆ ಮಧ್ಯಾಹ್ನವೆಲ್ಲ ಹೋಟೆಲಮ್ಮ ಆ ದ್ವೀಪವನ್ನು ಆ ಜಗುಲಿಯ ಮೇಲೆ ಕಟ್ಟಿ ನಿಲ್ಲಿಸಿದರು.

ಗುಡ್ಡದಲ್ಲಿ ಅವರಿಗೊಂದು ತುಂಡು ನೆಲ ಆಯಿತು, ಕೋಕೋ ಹಾಕಿದರು. ಕೋಕೋ ಗಿಡಕ್ಕೆ ನೆರಳು ಬೇಕು. ಅದಕ್ಕಾಗಿ ಅಲ್ಲಿಯೂ ನಮ್ಮ ಹಾಲವಾಣದ ಜಾತಿಯದೇ ಮರ, ಬೇಸಿಗೆ ಬಂದರೆ ಗುಡ್ಡಕ್ಕೆ ಗುಡ್ಡವೇ ಕೆಂಡದ ಬಣ್ಣ. ಆಗ ಅವ್ವ ಕೆಲಸ ಬಿಟ್ಟು ಸುಮ್ಮನೆ ನಿಂತು ನೋಡುತ್ತಿದ್ದಳಂತೆ.

"ಕೆಸು ಇತ್ತಾ ಅಲ್ಲಿ?" ಎಂದು ಚಿಕ್ಕವ್ವ ನಡುವೆ ಕೇಳಿದರು. "ಅಕ್ಕಯ್ಯಂಗೆ ಕೆಸಿನ ಸೊಪ್ಪಿನ ಸಾರು ಅಂದ್ರೆ ಪ್ರಾಣ."

"ಎಂತ ಕೇಳ್ತಿಯಾ! ಹಳ್ಳದ ಉದ್ದಕ್ಕೂ ಕೆಸುವೇ. ನೆರೆಮನೆ ಕರಿ ಅಜ್ಜಿ ಅದಕ್ಕೆ ಬೆಂಡೆಕಾಯಿ, ತೆಂಗಿನ ಹಾಲು ಹಾಕಿ ಕಡೀತಿದ್ಲು, ಏಡಿನೂ ಹಾಕ್ತಿದ್ಲು. ಅವ್ವ ಹುಣಸೆಹುಳಿ ಬಿಡ್ತಿದ್ಲು. ಇವಳ ಗಡಿಗೆ ಅವಳ ಮನೆಗೆ, ಅವಳ ಗಡಿಗೆ ಇವಳ ಮನೆಗೆ."

ಚಿಕ್ಕವ್ವ ಸೊಸೆಯ ಕಡೆ ತಿರುಗಿ, "ಕೇಳಿದ್ಯನೇ? ಕೆಸು ಸಿಗ್ತಿತ್ತಂತೆ" ಎಂದರು. ಜೀವದ ದೊಡ್ಡ ಭಾರವೊಂದು ಇಳಿದವರಂತೆ ಹೇಳಿದರು.

ಆಮೇಲೆ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಹಬ್ಬ ಯಾವುದು? ದೀಪಾವಳಿಗೆ ಹಣತೆ ಹಚ್ಚುತ್ತಾರೆ, ಮೊಹರಮ್ಮಿಗೆ ತಾಬೂತು ಮಾಡಿ ಕಡಲಿಗೆ ಬಿಡುತ್ತಾರೆ, ಅದಕ್ಕೆ ತಮಟೆ ಬಡಿಯುವವರಲ್ಲಿ ಹಿಂದೂಗಳೂ ಇದ್ದಾರೆ, ಕರಿಯರೂ ಇದ್ದಾರೆ. ಇಲ್ಲಿಯ ಮೊಹರಮ್ಮಿನ ಹಾಗೆಯೇ. ಕ್ರಿಸ್ತರ ಉಪವಾಸಕ್ಕೆ ಮುಂಚೆ ಎರಡು ದಿನ ಊರಿಗೆ ಊರೇ ವೇಷ ಹಾಕಿ ಬೀದಿಗೆ ಬೀಳುತ್ತದೆ. ರಾಜ್ಯಪಾಲನ ಮೇಲೂ ಪದ ಕಟ್ಟಿ ಮುಖಕ್ಕೆ ಹಾಡುತ್ತಾರೆ. "ಒಂದು ಕಾಲ್ದಲ್ಲಿ ಸರ್ಕಾರ ಡೋಲು ಬಡಿಯಂಗಿಲ್ಲ ಅಂತು. ಜನ ಎಂತ ಮಾಡಿದ್ರು ಗೊತ್ತಾ? ಬಿದಿರು ಕಡಿದು, ಗಿಡ್ಡದು ಒಂದು ಉದ್ದದು ಒಂದು, ನೆಲಕ್ಕೆ ಕುಟ್ಟಿ ಕುಟ್ಟಿ ತಾಳ ಎಬ್ಬಿಸಿದ್ರು. ಬಿದಿರಿಗೆ ಯಾರು ಬೇಡಿ ಹಾಕ್ತಾರೆ?"

"ಅಕ್ಕಯ್ಯನೂ ಕುಣೀತಿದ್ಲಾ?"

"ಬೀದಿಗೆ ಹೋಗ್ತಿರ್ಲಿಲ್ಲ. ಬಾಗಿಲಾಗೆ ನಿಂತು ಕಾಲು ಹಾಕ್ತಿದ್ಲು."

ಹೊತ್ತು ಇಳಿಯುವಾಗ ಚಿಕ್ಕವ್ವ ಬಹಳ ಹೊತ್ತಿನಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಹೊರಗೆ ಬಿಟ್ಟರು. "ಅವಳು ನನ್ನ ಬೈಕಂತಿದ್ಲಾ? ನಾ ತಡೀಲಿಲ್ಲ ಅಂತ?"

ಹೋಟೆಲಮ್ಮ ಅವರ ಕೈ ಹಿಡಿದುಕೊಂಡರು. "ಸಾಯೋ ಮುಂಚೆ ಅವ್ವ ಹೇಳಿದ್ದು ಏನ್ ಗೊತ್ತಾ ಚಿಕ್ಕವ್ವ? 'ಆ ಊರಿನಾಗೆ ನನ್ನ ಸತ್ತೋಳು ಅಂತ ಎಲ್ರೂ ತಿಳ್ಕಂಡಾರೆ. ಬದುಕ್ಯಾಳೆ ಅಂತ ತಿಳ್ಕಂಡೋಳು ಒಬ್ಳು ಇದಾಳೆ. ಅವಳಿಗಾಗೇ ಬದುಕ್ದೆ' ಅಂದ್ಲು."

ಚಿಕ್ಕವ್ವ ಎದ್ದು ಒಳಗೆ ಹೋಗಿ ಎಲೆ ಹಾಕಿಸಿದರು. ಹೋಟೆಲಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಷ್ಟೋ ದಿನದ ಮೇಲೆ ತಾವೂ ಹೊಟ್ಟೆ ತುಂಬ ಉಂಡರು.

ಅಂದಿನಿಂದ ಸೊರಬದ ಬಸ್ಸಿನಲ್ಲಿ ಏನಾದರೊಂದು ಬರತೊಡಗಿತು. ಕೆಸುವಿನ ಕಟ್ಟು, ಹೊಸ ಅಕ್ಕಿ, ಒಮ್ಮೊಮ್ಮೆ ಚಿಕ್ಕವ್ವನೇ. ಹೋಟೆಲಮ್ಮ ಹಬ್ಬಕ್ಕೆ ಅಲ್ಲಿಗೆ ಹೋಗಿ ಮೊಮ್ಮಕ್ಕಳಿಗೆಲ್ಲ ಹಳದಿ ರೊಟ್ಟಿ ಮಾಡಿ ಹಾಕಿ ಬರುತ್ತಿದ್ದರು. ಕೆಲವು ವರ್ಷಗಳ ಮೇಲೆ ಆ ದ್ವೀಪ ಸ್ವತಂತ್ರವಾಯಿತು. ಪತ್ರಿಕೆಯ ಮೂಲೆಯಲ್ಲಿದ್ದ ಸುದ್ದಿಯನ್ನು ನಾನೇ ಓದಿ ಹೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನು ಅಲ್ಲಿ ಚೀಟಿ ಕೇಳೋರು ಯಾರೂ ಇಲ್ಲ ಅಲ್ದಾ?" ಎಂದರು. ಅಂದು ಹೋಟೆಲಿಗೆ ಬಂದವರಿಗೆಲ್ಲ ಕಡಲೆಬೇಳೆ ಪಾಯಸ.

ನಾನು ಮೂವತ್ತು ವರ್ಷಕ್ಕೂ ಮೇಲೆ ಭೂಗೋಳ ಕಲಿಸಿದೆ. ಯಾವ ದೇಶದ ಪ್ರಸ್ತಾಪ ಬಂದರೂ, ಅಲ್ಲಿಯ ಜನ ಏನು ಉಣ್ಣುತ್ತಾರೆ, ಅದನ್ನು ಬೆಳೆಯುವವರು ಯಾರು, ಅವರು ಅಲ್ಲಿಗೆ ಬಂದದ್ದು ಹೇಗೆ ಎಂಬಲ್ಲಿಂದಲೇ ಶುರು ಮಾಡಿದೆ. ನದಿ, ಪರ್ವತ, ರಾಜಧಾನಿ ಆಮೇಲೆ. ತರಗತಿಯಲ್ಲಿ ಪುಸ್ತಕದ ಮರೆ ನನಗೆ ಮತ್ತೆಂದೂ ಬೇಕಾಗಲಿಲ್ಲ. ಇದನ್ನು ನನಗೆ ಯಾವ ಟ್ರೈನಿಂಗ್ ಕಾಲೇಜೂ ಕಲಿಸಿದ್ದಲ್ಲ.

ಅರವತ್ತರ ದಶಕದ ನಡುವೆ ಹೋಟೆಲಮ್ಮ ತೀರಿಕೊಂಡರು. ಹೆಚ್ಚು ನರಳಲಿಲ್ಲ. ನಾಲ್ಕು ದಿನ ಎದೆನೋವು ಎಂದರು, ಐದನೆಯ ದಿನ ಬೆಳಿಗ್ಗೆ ಏಳಲಿಲ್ಲ. ಸೊರಬದ ಬಸ್ಸಿನ ಕಂಡಕ್ಟರ್ ಸುದ್ದಿ ಒಯ್ದರು. ಸಂಜೆಯ ಹೊತ್ತಿಗೆ ಚಿಕ್ಕವ್ವ, ಮಗ, ಸೊಸೆಯರು, ಮೊಮ್ಮಕ್ಕಳು, ಆ ಹಳ್ಳಿಯ ಅರ್ಧ ಜನ ಬಂದಿಳಿದರು. ಯಾರ ಮನೆಯವರು ಮಣ್ಣು ಕೊಡಬೇಕು ಎಂದು ಊರಿನವರು ಕೇಳುವ ಮೊದಲೇ ಚಿಕ್ಕವ್ವನ ಮಗ ಮುಂದೆ ಬಂದು, "ನಮ್ಮ ಅಕ್ಕ" ಎಂದು ಹೆಗಲು ಕೊಟ್ಟರು.

ಎಲ್ಲ ಮುಗಿಸಿ ಬಂದ ಮೇಲೆ ಚಿಕ್ಕವ್ವ ಹೋಟೆಲಿನ ಬೆಂಚಿನ ಮೇಲೆ ಕೂತರು. ಒಲೆ ಆರಿತ್ತು. ನಾನು ನೀರು ತಂದು ಕೊಟ್ಟೆ. ಅವರು ಲೋಟ ಹಿಡಿದುಕೊಂಡೇ ನನ್ನ ಕಡೆ ನೋಡಿದರು.

"ಟೀಚರಮ್ಮ, ಆ ಸೀಮೆ ಸುದ್ದಿ ಹೇಳೋರು ಇನ್ಯಾರೂ ಇಲ್ಲ. ನೀ ಕೇಳ್ದೋಳು. ನೀ ಹೇಳು."

ನಾನು ಅದುವರೆಗೆ ಕಡಲನ್ನೇ ಕಂಡವಳಲ್ಲ. ಅವರ ಪಕ್ಕದಲ್ಲಿ ಕೂತೆ. ಸೊಸೆಯರು, ಮೊಮ್ಮಕ್ಕಳು ಸುತ್ತ ಸರಿದು ಬಂದರು.

"ಅದು ನಮ್ಮ ಜಿಲ್ಲೆಗಿಂತ ಸಣ್ಣ ದ್ವೀಪ" ಎಂದು ಶುರು ಮಾಡಿದೆ. "ಬಡಗಲ ಗುಡ್ಡದಲ್ಲಿ ನಿಮ್ಮಕ್ಕನ ಮನೆ. ಮನೆ ಮುಂದೆ ಹಳ್ಳ, ಹಳ್ಳದ ಉದ್ದಕ್ಕೂ ಕೆಸು."

"ಹೂಂ" ಎಂದರು ಚಿಕ್ಕವ್ವ.